ಹಾವೇರಿ ಮೇಳಕ್ಕೆ ಹನ್ನೆರಡು ಕಂಬಳಿ

ಹುಣಸೆ ಬೀಜವನ್ನು ಹುರಿದು, ಪುಡಿ ಮಾಡಿ, ನೀರಿನಲ್ಲಿ ಕುದಿಸುವಾಗ ಒಂದು ಮಂದ ವಾಸನೆ ಏಳುತ್ತದೆ. ಹೋದ ತಿಂಗಳು ರಾಣೆಬೆನ್ನೂರಿನ ಒಂದು ಓಣಿಯಲ್ಲಿ ಅದು ಮೂಗಿಗೆ ತಾಕಿ, ಮೊಮ್ಮಗುವಿನ ವಯಸ್ಸಿನ ಮಕ್ಕಳು ಆಡುವ ಬೀದಿಯ ನಡುವೆ ನಾನು ನಿಂತುಬಿಟ್ಟೆ. ಇಂಥ ಒಂದು ವಾಸನೆ ನಿಮಗೂ ಇದ್ದೀತು. ನನ್ನದು ಕುಪ್ಪೇಲೂರಿನ ನಮ್ಮ ಮನೆಯದು. ಪಡಸಾಲೆಯಲ್ಲಿ ತೋಡಿದ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಅಪ್ಪ ಕಂಬಳಿ ನೇಯುತ್ತಿದ್ದ. ಬಾಗಿಲ ಬೆಳಕಿನಲ್ಲಿ ಅವನ ಅಕ್ಕ, ನನ್ನ ಹನುಮವ್ವತ್ತೆ, ರಾಟಿಯ ಮುಂದೆ ಕುಳಿತು ಉಣ್ಣೆ ನೂಲುತ್ತಿದ್ದಳು. ಗಂಡ ತೀರಿದ ಮೇಲೆ ಒಂದು ಟ್ರಂಕು ಹಿಡಿದು ತವರಿಗೆ ಬಂದವಳು. ಅವಳ ಕಣ್ಣಿಗೆ ಮಬ್ಬು ಕವಿಯುತ್ತಿದ್ದುದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕರಿ ಉಣ್ಣೆ, ಬಿಳಿ ಉಣ್ಣೆ ಬೇರೆ ಮಾಡಿ ಅವಳ ಎಡಬಲಕ್ಕೆ ಇಡುತ್ತಿದ್ದವಳು ನಾನೇ. “ನಿಮ್ಮಪ್ಪಗ ಹೇಳಬ್ಯಾಡವಾ. ನೂಲಾಕ ಬರದಾಕಿ ಈ ಮನ್ಯಾಗ ಯಾವ ಮಾರಿ ಇಟ್ಕೊಂಡು ಉಣ್ಣಲಿ?” ಎಂದು ನನ್ನ ಕೈ ಹಿಡಿದು ಕೇಳಿದ್ದಳು. ಒಂಬತ್ತು ವರ್ಷದ ನಾನು ಮಾತು ಕೊಟ್ಟಿದ್ದೆ.

ಆ ವರ್ಷ ಹಾವೇರಿಯ ಕರಕುಶಲ ಮೇಳದಲ್ಲಿ ಅಪ್ಪನಿಗೊಂದು ಮಳಿಗೆ ಸಿಕ್ಕಿತು. ಸಂತೆಯಲ್ಲಿ ಕಂಬಳಿಗಳನ್ನು ಹೆಗಲ ಮೇಲೆ ಹೇರಿಕೊಂಡು ನಿಲ್ಲುತ್ತಿದ್ದವನಿಗೆ ಮೇಜು, ಕುರ್ಚಿ, ತಲೆಯ ಮೇಲೆ ಹೆಸರಿನ ಬೋರ್ಡು! ಹನ್ನೆರಡು ಕಂಬಳಿ ಒಯ್ಯುವುದೆಂದು ನಿಶ್ಚಯವಾಯಿತು. ಬೆರಳಿನಿಂದಲೇ ಎಳೆಯ ನಯ ಅಳೆದು ಅತ್ತೆ ನೂತಳು. “ಅಕ್ಕಾ, ಇಂಥಾ ನೂಲು ನೀ ಎಂದೂ ತಗದಿದ್ದಿಲ್ಲ ನೋಡು” ಎಂದು ಅಪ್ಪ ಹೊಗಳಿದಾಗ ಮುಖ ಅತ್ತ ತಿರುಗಿಸಿ ನಕ್ಕಳು.

ಹನ್ನೊಂದು ಮುಗಿದವು. ಕೊನೆಯದರ ಎಳೆಗಳನ್ನು ಅಂಗಳದಲ್ಲಿ ಉದ್ದಕ್ಕೆ ಬಿಗಿದು, ಗಟ್ಟಿಯಾಗಲೆಂದು ಹುಣಸೆ ಬೀಜದ ಗಂಜಿ ಹಚ್ಚುವುದು ಬಾಕಿ. ಆ ಬೆಳಿಗ್ಗೆ ಗಾಳಿ ಜೋರಾಗಿತ್ತು. ಅವ್ವ ಒಲೆಯ ಮೂರು ಕಲ್ಲುಗಳನ್ನು ಅಂಗಳದ ನಡುವಿನಿಂದ ಎತ್ತಿ, ಗೋಡೆಯ ಮರೆಗೆಂದು ಮೆಟ್ಟಿಲ ಬುಡಕ್ಕೇ ಹೂಡಿದಳು. ನಾನು ನೋಡಿದೆ. ಅತ್ತೆಗೆ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ಗೆಳತಿ, ಮೇಳಕ್ಕೆ ಹೋಗುವಾಗ ಕಟ್ಟಿಕೋ ಎಂದು ತನ್ನ ಕೆಂಪು ರಿಬ್ಬನ್ ಕೊಡಲು ಕರೆದಳು, ಓಡಿದೆ. ರಿಬ್ಬನ್ ಇನ್ನೂ ಕೈಯಲ್ಲಿರುವಾಗಲೇ ಅತ್ತೆಯ ಚೀರಾಟ ಕೇಳಿತು. ಮೆಟ್ಟಿಲಿಳಿದವಳು ಕುದಿಯುವ ಹಂಡೆಯ ಮೇಲೆಯೇ ಬಿದ್ದಿದ್ದಳು. ಗಂಜಿ ನೀರಿನ ಹಾಗೆ ಹರಿದುಹೋಗುವುದಿಲ್ಲ, ಮೈಗೆ ಅಂಟಿಕೊಳ್ಳುತ್ತದೆ. ಮೇಳಕ್ಕೆಂದು ಕಟ್ಟಿಟ್ಟ ಗಂಟು ಬಿಚ್ಚಿ, ಟೆಂಪೋದ ತಗಡಿನ ಮೇಲೆ ಎರಡು ಕಂಬಳಿ ಹಾಸಿ ಅಪ್ಪ ಅವಳನ್ನು ಆಸ್ಪತ್ರೆಗೆ ಒಯ್ದ. “ಹನ್ನೆರಡನೇದು ಆತೇನ?” ಎಂದು ಅವಳು ಕೇಳುತ್ತಲೇ ಇದ್ದಳಂತೆ. ಮೂರನೆಯ ದಿನ ತೀರಿಕೊಂಡಳು.

ಸೂತಕ ಕಳೆಯುವ ಮೊದಲೇ ಮೇಳ ಬಂತು. ಹೋಗಬೇಡವೆಂದು ಅವ್ವ ಅತ್ತಳು. “ಅಕ್ಕ ನೂತದ್ದು. ಮನ್ಯಾಗಿಟ್ಟು ನುಸಿಗೆ ಹಾಕ್ಲೇನ?” ಎಂದು ಅಪ್ಪ ಉಳಿದ ಒಂಬತ್ತನ್ನು ಹೊತ್ತು, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ. ಜನ ಬಂದರು, ಮುಟ್ಟಿದರು, “ಚುಚ್ಚತೈತಿ ಬಿಡ್ರಿ” ಎಂದು ಮುಂದೆ ಹೋದರು. ಮಧ್ಯಾಹ್ನದ ಹೊತ್ತಿಗೆ ಅಪ್ಪ ನನ್ನ ಕಡೆ ನೋಡದೆಯೇ ಕೇಳಿದ: “ನಿಮ್ಮತ್ತಿಗೆ ಕಣ್ಣು ಕಾಣ್ತಿದ್ದಿಲ್ಲೇನವಾ? ನಿನಗೇನರ ಗೊತ್ತಿತ್ತೇನ?”

“ಇಲ್ಲಪ್ಪಾ” ಎಂದೆ. ಕೊಟ್ಟ ಮಾತಿಗಾಗಿ ಹಾಗೆ ಹೇಳಿದೆನೆಂದು ಬಹಳ ವರ್ಷ ನಂಬಿಕೊಂಡಿದ್ದೆ. ನಿಜವಾಗಿ ನನಗೆ ಹೆದರಿಕೆಯಾಗಿತ್ತು.

ಅಪ್ಪ ಮತ್ತೆ ಕೇಳಲಿಲ್ಲ. ಮನೆಗೆ ಬಂದವನೇ ಅವ್ವನಿಗೆ, “ಒಲಿ ಯಾಕ ಸರಿಸಿದಿ?” ಎಂದ. ಅಷ್ಟೇ. ಮಗ್ಗ ಬಿಚ್ಚಿ, ಕುಣಿಗೆ ಮಣ್ಣು ತುಂಬಿ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹಮಾಲಿಗೆ ಹೋಗತೊಡಗಿದ. ಸಾಯುವವರೆಗೂ ಅವ್ವನೊಡನೆ ಅವನ ಮಾತು ಉಪ್ಪು, ನೀರು ಕೇಳುವಷ್ಟೇ ಉಳಿಯಿತು. ಅವ್ವ ಕೊನೆಗಾಲದಲ್ಲಿ ಹಾವೇರಿಯ ನನ್ನ ಮನೆಯಲ್ಲಿದ್ದಳು. ಕುಪ್ಪೇಲೂರಿನ ಗೋಡೆಗಳು ಆಗಲೇ ಕುಸಿದಿದ್ದವು. ಮಂಪರಿನಲ್ಲಿ ಒಂದೇ ಮಾತು ಆಡುತ್ತಿದ್ದಳು: “ನಾ ಒಲಿ ಸರಸಬಾರದಿತ್ತವಾ. ನಾನಽ ಕೊಂದೆ ಆಕಿನ್ನ.”

ನಾನು ಅವಳ ಕಾಲು ಒತ್ತುತ್ತಲೇ ಇದ್ದೆ.