ಏರುದನಿಗೆ ಮೂರನೆಯ ವಾಲ್ವ್

ಹಾಶಿಮ್ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಅದರಲ್ಲಿ ಅತ್ತೆ ಚಾಂದ್ ಬೀ ಮದುವೆ ಹಾಡಿನ ಏರುದನಿಯ ಸಾಲಿಗೆ ಬಂದರು. ಅಲ್ಲೇ ದನಿ ಚರ್ರೆಂದು ಒಡೆಯಿತು.

1996ರ ಬೇಸಿಗೆ. ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಹಾಶಿಮ್, ದೀಪದಂತೆ ಹೊಳೆಯುವ ಹಳೆಯ ಗಾಜಿನ ವಾಲ್ವ್‌ಗಳನ್ನು ಕೂಡಿಸಿ ಒಂದು ಆಂಪ್ಲಿಫೈಯರ್ ಕಟ್ಟಿದ್ದ. ಭಾನುವಾರ ಬಾಮೈದ ಖಾದರನ ಮಗಳು ಲೈಬಾಳ ಮದುವೆ. ತೀರಿಹೋದ ಅಜ್ಜಿ ಚಾಂದ್ ಬೀಯ ಹಾಡನ್ನು ಅಂದು ಆ ಆಂಪ್ಲಿಫೈಯರಿನಲ್ಲೇ ಕೇಳಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಕಮ್ಮನಹಳ್ಳಿಯಲ್ಲಿ ಹೊಸ ಸ್ಟೀರಿಯೋ ಮಾರುವ ಖಾದರ್ ನೆಂಟರೆಲ್ಲರ ಮುಂದೆ ಅಕ್ಕನ ಗಂಡನಿಗೆ ಹೇಳಿಬಿಟ್ಟಿದ್ದ: "ನಿಮ್ಮ ದೀಪದ ಪೆಟ್ಟಿಗೆ ಕೈಕೊಟ್ರೆ ನನ್ನ ಸೆಟ್ ಇದ್ದೇ ಇರತ್ತೆ, ದೂಲಾಭಾಯ್."

ಹಾಶಿಮನಿಗೆ ಅನುಮಾನವಿದ್ದದ್ದು ಡ್ರೈವರ್ ವಾಲ್ವ್ ಮೇಲೆ. ಹಾಡಿನ ಸಣ್ಣ ಸದ್ದನ್ನು ಹಿಗ್ಗಿಸಿ, ಸ್ಪೀಕರ್ ನಡೆಸುವ ದೊಡ್ಡ ವಾಲ್ವ್‌ಗೆ ದಾಟಿಸುವ ನಡುವಿನ ವಾಲ್ವ್ ಅದು. ಅದಕ್ಕೆ ತಾಕತ್ತು ಸಾಲದಿದ್ದರೆ ಏರಿದ ಕಡೆ ದನಿ ಒಡೆಯುತ್ತದೆ. ಹಾಗಾಗಿ ಗಟ್ಟಿಯಾದ ಇನ್ನೊಂದು ವಾಲ್ವ್ ಹಾಕಿ, ಅದರ ರೆಸಿಸ್ಟರ್‌ಗಳನ್ನೂ ಬದಲಿಸಿದ. ಒಡಕು ಹೆಚ್ಚಾಯಿತು. ಅದಕ್ಕಿಂತ ಗಟ್ಟಿಯಾದ ಮೂರನೆಯದನ್ನು ಹಾಕಿದ. ಒಡಕು ಗಾಜು ಚೂರಾದಂತೆ ಕೇಳಿತು. ತಾನು ಕಲಿತದ್ದೇ ತಲೆಕೆಳಗಾಗಿದೆಯೋ, ಕಿವಿ ಕೆಟ್ಟಿದೆಯೋ ತಿಳಿಯಲಿಲ್ಲ.

"ಈ ಟೇಪ್ ಖಾದರ್ ಅಂಗಡೀಲಿ ಹಾಕಿ ನೋಡ್ರೀ," ಎಂದಳು ಹೆಂಡತಿ ಬಿಲ್ಕೀಸ್.

"ಅವನ ಹತ್ರಾನಾ?"

"ಸೆಟ್ ಅವನದ್ದು. ಹಾಡ್ತಿರೋದು ನಮ್ಮಮ್ಮಿ."

ಹಾಶಿಮ್ ಮನಸ್ಸಿಲ್ಲದೆ ಹೋದ. ಖಾದರನ ಜಪಾನ್ ಸೆಟ್ಟಿನಲ್ಲೂ ಅದೇ ಸಾಲಿನಲ್ಲಿ ದನಿ ಒಡೆಯಿತು. ಖಾದರ್ ಸೆಟ್ಟಿನ ಮೇಲೊಂದು ತಟ್ಟಿ, ಆಮೇಲೆ ನಕ್ಕ. "ಅಮ್ಮಿ ಜೋರಾಗಿ ಹಾಡೋವಾಗ ಮೈಕ್ ನುಂಗೋ ಹಾಗೆ ಹೋಗ್ತಿದ್ರಲ್ಲ. ಹಿಂದಿಂದ ದುಪಟ್ಟಾ ಹಿಡ್ಕೊಂಡು ಎಳೀತಿದ್ದಿದ್ದು ನಾನೇ."

ಒಡಕು ಟೇಪಿನದ್ದೇ, ಹಾಡು ರೆಕಾರ್ಡ್ ಆಗುವಾಗಲೇ ಸೇರಿದ್ದು. ಹಾಗಾದರೆ ಅದನ್ನು ಅರ್ಧ ಮುಚ್ಚಿಟ್ಟ ಮೊದಲ ವಾಲ್ವ್ ಸೋಮಾರಿ, ಇದ್ದದ್ದನ್ನು ಇದ್ದ ಹಾಗೆ ಕೇಳಿಸಿದ ಮೂರನೆಯದು ಸರಿ. ಆದರೆ ಮದುವೆಮನೆಯಲ್ಲಿ ಇದನ್ನು ಯಾರಿಗೆಂದು ವಿವರಿಸುವುದು? ನೆಂಟರಿಗೆ ಕೇಳುವುದು ಒಡಕು. ಬೈಗುಳ ಬೀಳುವುದು ಅವನ ಪೆಟ್ಟಿಗೆಗೆ.

ಮನೆಗೆ ಬಂದು ಮೊದಲನೆಯದು, ಮೂರನೆಯದು ಎರಡನ್ನೂ ಸರದಿಯಂತೆ ಹಾಕಿ ಬಿಲ್ಕೀಸಳಿಗೆ ಕೇಳಿಸಿದ.

"ಮೊದಲನೇದು ಚೆನ್ನಾಗಿದೆ," ಎಂದಳು. ಕ್ಯಾಸೆಟ್ ನಿಲ್ಲಿಸಿ, "ಆದ್ರೆ ಅದರಲ್ಲಿ ಅಮ್ಮಿ ಪಕ್ಕದ ಮನೇಲಿದ್ದಾರೆ. ಮೂರನೇದ್ರಲ್ಲಿ ಇಲ್ಲೇ ಇದ್ದಾರೆ."

"ಈಗ ಯಾವುದು ಹಾಕ್ಲಿ?"

"ನಂಗೇನ್ ಗೊತ್ತು? ಮೇಸ್ತ್ರಿ ನೀವು."

ಭಾನುವಾರ ಬೆಳಿಗ್ಗೆ ಆಂಪ್ಲಿಫೈಯರನ್ನು ಆಟೋದಲ್ಲಿ ಖಾದರನ ಮನೆಗೆ ಒಯ್ದರು. ಅದರೊಳಗೆ ಮೂರನೆಯ ವಾಲ್ವ್ ಇತ್ತು. ಮೊದಲನೆಯದು, ಅದರ ರೆಸಿಸ್ಟರ್‌ಗಳು ಮತ್ತು ಸೋಲ್ಡರಿಂಗ್ ಐರನ್ ಬೇಕಾದೀತೆಂದು ಬಿಲ್ಕೀಸಳ ಕೈಚೀಲದಲ್ಲಿದ್ದವು.