ಪ್ಯಾರಿಬಿ ಬದಲಿ ಮಾಡಿದ ಹೀಟರ್ ವಾಲ್

ಚೌಡಾಪುರದ ರಸ್ತೆ ಬಾಜೂ ಅಬ್ದುಲ್ ಗನಿ ಅನ್ನೋ ಮಿಸ್ತ್ರಿಯ ಗ್ಯಾರೇಜ್ ಇತ್ತು. ಪ್ಯಾರಿಬಿ ಅವನ ಹೆಂಡತಿ. ಅವರ ತಗಡಿನ ಶೆಡ್ಡು ನಮ್ಮ ಮನಿ ಮಗ್ಗಲಕ್ಕೇ. ರೊಟ್ಟಿ ಬಡಿದಾದ ಮ್ಯಾಲ ನಾ ಅಲ್ಲೇ ಹೋಗಿ ಕುಂದರತಿದ್ದೆ. ಗಾಡಿ ಹೊಟ್ಟಿಯೊಳಗ ಏನೇನದ ಅಂತ ನೋಡೂ ಹುಚ್ಚು ನನಗ.

ಎಂಬತ್ತನೇ ಇಸವಿ ಆಸುಪಾಸು ಜಾಕ್ ಜಾರಿ ಗನಿಯ ಬಲಗೈ ಮುರೀತು. ನಟ್ಟು ಬಿಚ್ಚೂ ಪಾನಾ ಪ್ಯಾರಿಬಿ ಹಿಡಿದಳು. ವರ್ಷಾನುಗಟ್ಟಲೆ ಅವನ ಬಾಜೂ ನಿಂತು ಸಾಮಾನು ಕೊಟ್ಟಾಕಿ, ನೋಡಿ ನೋಡಿ ಕಲಿತಿದ್ದಳು. ಆದರ ಗಾಡಿಯವರು ಬಂದು, "ಗನಿಭಾಯಿ ಕೈ ನೆಟ್ಟಗಾಗಲಿ, ಬರತೇವ್ರಿ" ಅಂತ ಹೊಳ್ಳಿ ಹೋಗತಿದ್ದರು. ಹಿಂಗಾದರ ಶೆಡ್ಡು ಮುಚ್ಚಿ ಆಳಂದಕ್ಕ ತಮ್ಮನ ಮನಿ ಸೇರೂದಾಗತದ ಅಂತ ಗನಿ ಚಿಂತಿ ಮಾಡತಿದ್ದ.

ಒಂದಿನ ಅಮೋಘಸಿದ್ದ ಬಂದ. ಗಾಣಗಾಪುರಕ್ಕ ಮಂದಿ ಒಯ್ಯೋ ಅವನ ಜೀಪು ಮಿಲಿಟರಿ ಹರಾಜಿನದು. ಥಂಡಿ ಸೀಮಿಯಾಗ ತಿರುಗಿದ್ದಕ್ಕ ಒಳಗ ಹೀಟರ್ ಇತ್ತು. ಇಂಜಿನ್ನಿನ ಬಿಸಿನೀರು ಹೀಟರಿಗೆ ಬಿಡೂ ವಾಲ್ ಜಂಗು ಹಿಡಿದು ತೆರೆದೇ ನಿಂತಿತ್ತು, ಸೋರತಿತ್ತು ಬ್ಯಾರೆ. ಜೀಪಿನ ಮುಂದ ದತ್ತ ಮಹಾರಾಜರ ಫೋಟೋ ಇದ್ದದ್ದಕ್ಕ ಚಪ್ಪಲಿ ಹಾಕ್ಕೊಂಡು ಯಾರೂ ಹತ್ತುವಂಗಿಲ್ಲ. ಬರಿಗಾಲ ಮ್ಯಾಲ ಬಿಸಿನೀರು! ಮಂದಿ ಹತ್ತೂದೇ ಬಿಟ್ಟಿದ್ದರು.

"ಚಪ್ಪಲಿ ಹಾಕ್ಕೊಳ್ಳಾಕ ಬಿಡಪಾ" ಅಂದೆ.

"ದೇವರ ಮುಂದರಿ? ಏನ್ ಮಾತಾಡ್ತೀರಿ ಸುಭದ್ರಾ ಅಕ್ಕಾರ!"

ಸೋಲಾಪುರದ ಗುಜರಿಯೊಳಗ ಸಿಕ್ಕ ವಾಲ್ ತಾನೇ ತಂದಿದ್ದ. ಗನಿ ಕೈ ಕೊರಳಿಗೆ ಕಟ್ಟಿದ್ದು ನೋಡಿ ಮಾರಿ ಸಣ್ಣ ಮಾಡಿದ.

"ಅಫಜಲಪುರದಾಗ ಬ್ಯಾರೆ ಮಿಸ್ತ್ರಿ ಅದಾರ, ಭಾಯಿ" ಅಂದಳು ಪ್ಯಾರಿಬಿ. "ಅಲ್ಲಿತನಕ ಕಾಲು ಸುಟ್ಕೋತ ಹೋಗು."

ಅವ ಕುಂತ.

ಇಂಜಿನ್ ಆರಿದ ಮ್ಯಾಲ ಪ್ಯಾರಿಬಿ ನೀರು ಬಕೀಟಿಗೆ ಇಳಿಸಿ, ಕ್ಲಿಪ್ ಸಡಿಲ ಮಾಡಿ ರಬ್ಬರ್ ಪೈಪ್ ಕಿತ್ತಳು. ಹಳೇ ವಾಲ್ ಹಸರಗ ಕಿಲುಬು ಹಿಡಿದಿತ್ತು.

"ಇದು ನಳ ಇದ್ದಂಗ ಅದಲ್ಲಬೇ?" ಅಂತ ಕೇಳಿದೆ.

"ನಳಾನೇ ಅಕ್ಕಾ. ಹಿಡಿಕಿ ಮಾತ್ರ ಡ್ರೈವರ್ ಕೈ ಹಂತ್ಯಾಕ. ತಂತಿಲೆ ಎಳೀತಾರ."

ಅವ ತಂದ ವಾಲಿನ ಮ್ಯಾಲ ಬಾಣದ ಗುರುತಿತ್ತು. ನೀರು ಹರಿಯೋ ದಿಕ್ಕಂತ ಅದು. ನೋಡಿ ಕೂಡಿಸಿ, ತಂತಿ ಕಟ್ಟಿ, ನೀರು ತುಂಬಿದಳು. ಈಗ ಬರಿಗಾಲಲೆ ಕುಂದ್ರೋರು ಯಾರು? ನಾನೇ ಹತ್ತಿದೆ, ಅಮೋಘಸಿದ್ದ ಗಾಡಿ ಬಿಟ್ಟ. ಊರ ಹೊರಗ ಹೋಗೂದರೊಳಗ ಹನಿ ಸೋರಲಿಲ್ಲ ಖರೆ, ಕಾಲಿಗೆ ಧಗಿ ಬಡೀಲಿಕ್ಕತ್ತು.

ಹೊಳ್ಳಿ ಬಂದ ಅಮೋಘಸಿದ್ದ, "ನನಗ ಮೊದಲೇ ಅನುಮಾನ ಇತ್ತು!" ಅಂತ ಒದರಿದ.

ಪ್ಯಾರಿಬಿ ಜೀಪಿನೊಳಗ ಕೈ ಹಾಕಿದಳು. ಹಿಡಿಕಿ ಒತ್ತಿದಳು, ಎಳೆದಳು, ಬಗ್ಗಿ ವಾಲ್ ನೋಡಿದಳು. ಹಿಡಿಕಿ ಎಳೆದಾಗ ತೆರೀಬೇಕಾದದ್ದು ಮುಚ್ಚತಿತ್ತು, ಒತ್ತಿದಾಗ ಮುಚ್ಚಬೇಕಾದದ್ದು ತೆರೀತಿತ್ತು. "ತಂತಿ ಉಲ್ಟಾ ಕಟ್ಟೀನಿ" ಅಂತ ನಕ್ಕು, ಬಿಚ್ಚಿ ಸರಿ ಮಾಡಿದಳು. ಮತ್ತ ಹತ್ತಿದೆ. ಚೂರು ಹೊತ್ತಿಗೆ ಕಾಲು ತಣ್ಣಗಾದವು.

ಅಮೋಘಸಿದ್ದ ರಸ್ತಿಗೆ ಹೋಗಿ, "ಬರ್ರೀ, ಕಾಲು ಸುಡಂಗಿಲ್ಲ! ಗನಿಭಾಯಿ ಮಾಡ್ಯಾರ!" ಅಂತ ಕೂಗಿದ.

"ಏ ಭಾಯಿ, ಯಾವ ಕೈಲೆ ಮಾಡಿದನಂತ ಅದೂ ಹೇಳು!" ಅಂದಳು ಪ್ಯಾರಿಬಿ.

ನಿಂತ ಮಂದಿಯೆಲ್ಲಾ ನಕ್ಕರು. ಅವ ತಲಿ ಕೆರಕೊಂಡು, "ಭಾಬಿ ಮಾಡ್ಯಾರ್ರಿ" ಅಂದ.

ಮರುದಿನ ಮುಂಜಾನಿ ಅತನೂರಿನವನೊಬ್ಬ ಟ್ರ್ಯಾಕ್ಟರ್ ತಂದು ನಿಲ್ಲಿಸಿ, "ಭಾಬಿ ಅದಾರೇನ್ರಿ?" ಅಂತ ಗನಿನ್ನ ಕೇಳಿದ.

"ಚಹಾ ಕುಡ್ಯಾಕತ್ತಾಳ" ಅಂದ ಗನಿ. "ಕುಂದ್ರು, ಬರತಾಳ."