ಹಾಲಿರುವ ತನಕ

ಆಗ ನಾನು ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಷ್ಟ್ರಮ್ಮ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ನನ್ನ ಯಜಮಾನರು ದಂಡಿಗೆ ಸೇರಿ ಎಲ್ಲೋ ಉತ್ತರದ ಕಡೆ ಲಾರಿ ಓಡಿಸುತ್ತಿದ್ದರು. ಎರಡು ತಿಂಗಳಿಗೊಂದು ಕಾಗದ ಬಂದರೆ ಅದರಲ್ಲಿ ಅರ್ಧಕ್ಕೆ ಸೆನ್ಸಾರಿನವರು ಮಸಿ ಬಳಿದಿರುತ್ತಿದ್ದರು. ಹೆತ್ತ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮದ್ದೂರಿನಲ್ಲಿದ್ದ ಅತ್ತೆಗೆ ಸೊಸೆ ಕೆಲಸಕ್ಕೆ ಹೋಗುವುದು ಸುತರಾಂ ಇಷ್ಟವಿರಲಿಲ್ಲ. ನನ್ನ ಹಟವೂ ಕಡಿಮೆಯದಲ್ಲ. ಹೀಗಾಗಿ ಆ ಪುಟ್ಟ ಹೆಂಚಿನ ಮನೆಯಲ್ಲಿ ನಾನು ಮತ್ತು ನಾಲ್ಕು ತಿಂಗಳ ನನ್ನ ಮಗ, ಇಬ್ಬರೇ. ಅವನಿಗೆ ಮಾತು ಬರುತ್ತಿರಲಿಲ್ಲ, ನನಗೆ ಮಾತಾಡಲು ಬೇರೆ ಯಾರೂ ಇರಲಿಲ್ಲ.

ಶಾಲೆಗೆ ಹೊರಟಾಗ ಕೂಸನ್ನು ಪಕ್ಕದ ಮನೆಯ ಅಜ್ಜಿಗೆ ಒಪ್ಪಿಸುತ್ತಿದ್ದೆ. ಪಾತ್ರೆಗೆ ಕಲಾಯಿ ಹಾಕುವ ಸಾಬರ ತಾಯಿ ಆಕೆ. ಏಳು ಹೆತ್ತು ಐದು ಉಳಿಸಿಕೊಂಡವಳು. ಬೆಳಿಗ್ಗೆ ಎದೆಹಾಲು ಕುಡಿಸಿ ಹೋಗುವುದು, ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬಂದು ಮತ್ತೆ ಕುಡಿಸುವುದು, ನಡುವೆ ನೀರು ಬೆರೆಸಿ ಕಾಯಿಸಿದ ಹಸುವಿನ ಹಾಲು. ಅಜ್ಜಿ ಅದನ್ನು ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಕುಡಿಸುತ್ತೇನೆ ಅಂದಳು. ನಾನು ಓದಿದವಳಲ್ಲವೇ! ಅದೆಲ್ಲ ಹಳೇ ಕಾಲದ್ದು ಎಂದು ಮೈಸೂರಿನಿಂದ ಗಾಜಿನ ಬಾಟ್ಲಿ ತರಿಸಿದೆ.

ಮೊದಮೊದಲು ಅವನು ಬಾಟ್ಲಿಯ ಹಾಲನ್ನು ನಿಧಾನವಾಗಿ ಕುಡಿಯುತ್ತಿದ್ದ. ನನಗೋ ತಾಳ್ಮೆ ಎನ್ನುವುದೇ ಇಲ್ಲ. ಸೂಜಿ ಕಾಯಿಸಿ ಬಾಟ್ಲಿಯ ರಬ್ಬರ್ ತೊಟ್ಟಿನ ತೂತನ್ನು ದೊಡ್ಡದು ಮಾಡಿದೆ. ಆಮೇಲೆ ಹಾಲು ಗಟಗಟನೆ ಇಳಿಯಿತು, ನಾನು ಬೀಗಿದೆ. ಹತ್ತು ದಿನವಾಗುವಷ್ಟರಲ್ಲಿ ಎದೆಗೆ ಹಾಕಿಕೊಂಡರೆ ತುದಿಯನ್ನಷ್ಟೇ ಚೀಪಿ, ಹಾಲು ಸುರಿಯಲಿಲ್ಲವೆಂದು ಮೈ ಸೆಟೆಸಿಕೊಂಡು ಅರಚತೊಡಗಿದ. ತೊಟ್ಟು ಬಿರಿದು ರಕ್ತ ಬಂತು. ತರಗತಿಯಲ್ಲಿ ಎದೆ ಕಲ್ಲಿನಂತಾಗಿ ರವಿಕೆ ಒದ್ದೆಯಾದಾಗ ಹಾಜರಿ ಪುಸ್ತಕವನ್ನು ಅವಚಿಕೊಂಡು ನಿಲ್ಲುತ್ತಿದ್ದೆ.

ಸುದ್ದಿ ಮದ್ದೂರು ಮುಟ್ಟಲು ಎಷ್ಟು ಹೊತ್ತು? ಬಾಟ್ಲಿ ಹಾಲನ್ನೇ ಕುಡಿಯುವುದಾದರೆ ನಮ್ಮ ಕೊಟ್ಟಿಗೆಯಲ್ಲೂ ಹಸು ಇದೆ, ಬರುವ ಭಾನುವಾರ ಬಂದು ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅತ್ತೆ ಹೇಳಿ ಕಳಿಸಿದರು. ಇದೊಂದು ಕೂಸೂ ಹೋದರೆ ಸಂಜೆ ಶಾಲೆಯಿಂದ ಬಂದು ಯಾರ ಮುಖ ನೋಡಲಿ ಎಂದು ಹೆದರಿದೆ. ಆ ಹೆದರಿಕೆಯನ್ನೆಲ್ಲ ಸಿಟ್ಟು ಮಾಡಿ ಅಜ್ಜಿಯ ಮೇಲೆ ಕಾರಿಕೊಂಡೆ. ನೀನೇ ಹೆಚ್ಚೆಚ್ಚು ಕುಡಿಸಿ ನನ್ನ ಮಗನನ್ನು ನನ್ನಿಂದ ಬಿಡಿಸಿದೆ ಎಂದೂ ಅಂದುಬಿಟ್ಟೆ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಈಗ ನನ್ನೆದುರಿಗೇ ಕುಡಿಸು ನೋಡೋಣ ಅಂದಳು.

ಎಂದಿನಂತೆ ಗೋಡೆಯ ಕಡೆ ತಿರುಗಿ ಕೂತು ಮಗುವಿಗೆ ಪೂರ್ತಿ ಸೆರಗು ಹೊದಿಸಿದೆ. ಹಾಲು ಕುಡಿಯುವ ಕೂಸಿಗೆ ದೃಷ್ಟಿ ತಾಗುತ್ತದೆ, ಅದರಲ್ಲೂ ಹೆತ್ತವಳ ಕಣ್ಣೇ ಮೊದಲು ತಾಗುವುದು ಎಂದು ಬಾಣಂತನದಲ್ಲಿ ಅತ್ತೆ ಹೇಳಿದ್ದರು. ಒಳಲೆಯನ್ನು ಹಳೇ ಕಾಲದ್ದು ಅಂದವಳು ಇದನ್ನು ಮಾತ್ರ ನಂಬಿದ್ದೆ. ನರಪಿಳ್ಳೆ ಇಲ್ಲದ ಮನೆಯಲ್ಲೂ ಸೆರಗು ಸರಿಸಿದವಳಲ್ಲ.

"ಸೆರಗು ತಗಿಯವ್ವ," ಅಂದಳು ಅಜ್ಜಿ. "ಮೊಗ ಬಾಯಿ ಎಂಗಾಕ್ತದೆ ಅಂತ ಒಂದ್ಸಲನಾದ್ರೂ ನೋಡಿದ್ದೀಯಾ?"

"ದೃಷ್ಟಿ ಆಯ್ತದೆ ಅಜ್ಜಿ."

"ನೀನೂ ನೋಡ್ದೋದ್ರೆ ಇದ್ನ ಇನ್ಯಾರವ್ವ ನೋಡೋರು?"

ನಾನು ಸೆರಗು ತೆಗೆದೆ. ಅಜ್ಜಿ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿದಳು. ಮೊದಲು ನಾಲ್ಕು ಹನಿ ಹಿಂಡಿ ಅವನ ತುಟಿಗೆ ಸವರಬೇಕು, ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆಯುವ ತನಕ ಕಾಯಬೇಕು, ತೆರೆದ ಕೂಡಲೇ ಹತ್ತಿರಕ್ಕೆ ಎಳೆದುಕೊಳ್ಳಬೇಕು. ತುದಿ ಮಾತ್ರವಲ್ಲ, ಸುತ್ತಲಿನ ಕಪ್ಪೂ ಬಾಯೊಳಗೆ ಹೋಗಬೇಕು, ಗಲ್ಲ ಎದೆಗೆ ಒತ್ತಬೇಕು. ಹಸಿದು ಅಳುವ ಮುಂಚೆಯೇ ಕೂರಬೇಕು. ಬಾಟ್ಲಿಯನ್ನು ಬಿಡುವಂತಿರಲಿಲ್ಲ, ಶಾಲೆಗೆ ಹೋಗಲೇಬೇಕಿತ್ತಲ್ಲ. ನಾನು ಹಿಗ್ಗಿಸಿದ ರಬ್ಬರನ್ನು ಎಸೆದು, ಜೊತೆಗೆ ಬಂದಿದ್ದ ಹೊಸದನ್ನು ಹಾಕಿದೆವು. ಬಾಟ್ಲಿಗೂ ಅವನು ಹಾಗೆಯೇ ಬಾಯಿ ದೊಡ್ಡದು ಮಾಡಬೇಕು, ನಡುನಡುವೆ ನಿಲ್ಲಿಸಿ ನಿಧಾನವಾಗಿ ಕುಡಿಸಬೇಕು ಎಂದು ಅಜ್ಜಿಯೇ ಕಟ್ಟಳೆ ಮಾಡಿದಳು. ನನ್ನ ಬೈಗುಳದ ಮಾತನ್ನು ಆಕೆ ಎತ್ತಲೇ ಇಲ್ಲ, ತಪ್ಪಾಯಿತು ಎನ್ನಲು ನನಗೂ ಬಾಯಿ ಬರಲಿಲ್ಲ.

ಮೂರು ದಿನ ಅವನೂ ಅತ್ತ, ನಾನೂ ಅತ್ತೆ. ಶನಿವಾರ ಬೆಳಿಗ್ಗೆ ಅವನು ಬಾಯಿ ತೆರೆದು ಹಿಡಿದ, ನೋವಾಗಲಿಲ್ಲ. ಗುಟುಕು ಇಳಿಯುವ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಅವನು ಕಣ್ಣು ಮೇಲೆತ್ತಿ ನನ್ನನ್ನೇ ನೋಡುತ್ತಿದ್ದ. ನಾಲ್ಕು ತಿಂಗಳಿಂದಲೂ ಹೀಗೇ ಸೆರಗಿನ ಕತ್ತಲಲ್ಲಿ ನನ್ನ ಮುಖ ಹುಡುಕುತ್ತಿದ್ದನೋ ಏನೋ. ನನ್ನನ್ನು ಯಾರಾದರೂ ಅಷ್ಟು ಹೊತ್ತು ನೋಡಿ ಬಹಳ ಕಾಲವಾಗಿತ್ತು.

ಭಾನುವಾರ ಅತ್ತೆ, ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಬಂದಿಳಿದರು. ತಾವೇ ಹೊಲಿದ ಕುಲಾವಿ ತಂದಿದ್ದರು. ಮಗುವನ್ನು ಎತ್ತಿಕೊಂಡರೆ ಅದು ನನ್ನ ಕಡೆಗೇ ವಾಲಿತು. ಅವರ ಎದುರಿಗೇ ಸೆರಗು ಸರಿಸಿ ಎದೆಗೆ ಹಾಕಿಕೊಂಡೆ. ದೃಷ್ಟಿಯ ಮಾತು ಬರುತ್ತದೆಂದು ಕಾದೆ, ಬರಲಿಲ್ಲ. ಮೊಮ್ಮಗ ಕುಡಿದು ಮುಗಿಸುವ ತನಕ ಅವರು ಎವೆಯಿಕ್ಕದೆ ನೋಡಿದರು.

"ಆಲಿರೋಗಂಟ ಇಲ್ಲೇ ಇರ್ಲಿ ಬುಡು," ಅಂದರು. ಕುಲಾವಿಯನ್ನು ಮಣೆಯ ಮೇಲಿಟ್ಟು ಸಂಜೆಯ ಬಸ್ಸಿಗೆ ಒಬ್ಬರೇ ಹೊರಟರು. ಬಸ್ಸಿನ ತನಕ ಹೋಗಿ ಬಿಟ್ಟು ಬರುವಷ್ಟು ಸೌಜನ್ಯವೂ ನನಗಿರಲಿಲ್ಲ. ಇದ್ದೊಬ್ಬ ಮಗನನ್ನು ದಂಡಿಗೆ ಕಳಿಸಿ ಅವರೂ ಮದ್ದೂರಿನ ಮನೆಯಲ್ಲಿ ಒಬ್ಬರೇ ಇದ್ದರು ಎನ್ನುವುದು ಆಗ ನನ್ನ ತಲೆಗೇ ಹೋಗಲಿಲ್ಲ.

ಹಾಲಿರುವ ತನಕ ಅಂದರಲ್ಲ, ಆ ಮಾತನ್ನೇ ಹಿಡಿದುಕೊಂಡೆ. ಮಗನಿಗೆ ಮೂರು ತುಂಬಿದರೂ ಹಾಲು ಬಿಡಿಸಲಿಲ್ಲ. ಜೊತೆಯ ಮೇಷ್ಟ್ರಮ್ಮಂದಿರು ನಕ್ಕರು, ನಗಲಿ ಬಿಡಿ. ಕೊನೆಗೆ ಹಾಲು ತಾನಾಗಿಯೇ ಬತ್ತಿತು. ಆಮೇಲೂ ಎಷ್ಟೋ ತಿಂಗಳು, ಅತ್ತೆ ಬಂದಾಗಲೆಲ್ಲ ಅವನನ್ನು ತೊಡೆಯ ಮೇಲೆ ಎಳೆದುಕೊಂಡು, ಮೊದಲಿನಂತೆ ಪೂರ್ತಿ ಸೆರಗು ಹೊದಿಸಿ, ಹಾಲು ಕುಡಿಸುವವಳಂತೆ ಕೂತಿರುತ್ತಿದ್ದೆ.